ಪರಿಚಯವಿಲ್ಲದ ಲಾರಿಗೆ ಅಡಿಕೆ ಲೋಡ್ ಮಾಡುವ ಮುನ್ನ ಏನೇನು ನೋಡುತ್ತೀರಿ?

ಪ್ರಶ್ನೆ: ಶಿವಮೊಗ್ಗದಿಂದ ಅಹಮದಾಬಾದಿಗೆ ಮೊದಲ ಸಲ ಸ್ವಂತವಾಗಿ 250 ಚೀಲ ಅಡಿಕೆ ಕಳುಹಿಸುತ್ತಿದ್ದೇನೆ. ಪರಿಚಯದ ಟ್ರಾನ್ಸ್‌ಪೋರ್ಟಿನವರ ಬಳಿ ಈ ವಾರ ಗಾಡಿ ಇಲ್ಲ. ಫೋನಿನಲ್ಲಿ ಸಿಕ್ಕ ಬ್ರೋಕರ್ ಒಬ್ಬರು ಕಡಿಮೆ ಬಾಡಿಗೆಗೆ ಲಾರಿ ಕೊಡುವುದಾಗಿ ಹೇಳಿ, ಆರ್‌ಸಿ ಮತ್ತು ಡಿಎಲ್ ಫೋಟೊ ಕಳುಹಿಸಿದ್ದಾರೆ. ಅಷ್ಟು ಸಾಕೇ?

ಅಡಿಕೆ ವರ್ತಕರೊಬ್ಬರ ಉತ್ತರ: ಸಾಲದು. ಕೆಲವು ವರ್ಷಗಳ ಹಿಂದೆ ನಮ್ಮ ಗೋದಾಮಿನ ಮುಂದೆ ಬಂದು ನಿಂತ ಲಾರಿಯ ಕಾಗದಗಳೆಲ್ಲ ಒಂದಕ್ಕೊಂದು ತಾಳೆಯಾಗುತ್ತಿದ್ದವು. ತಾಳೆಯಾಗದಿದ್ದದ್ದು ಲಾರಿ ಮಾತ್ರ. ಎಂಪರಿವಾಹನ್ ಆ್ಯಪಿನಲ್ಲಿ ನಂಬರ್ ಹಾಕಿ ನೋಡಿದರೆ ವಿಮೆ, ಎಫ್‌ಸಿ (ಗಾಡಿ ಓಡಲು ಯೋಗ್ಯ ಎಂಬ ಪ್ರಮಾಣಪತ್ರ) ಎರಡೂ ಚಾಲ್ತಿಯಲ್ಲಿದ್ದವು. ಆದರೆ ತುಕ್ಕು ಹಿಡಿದ ಬಂಪರಿನ ಮೇಲೆ ನಂಬರಿನ ಬಣ್ಣವಷ್ಟೇ ಹೊಸದಾಗಿ ಹೊಳೆಯುತ್ತಿದ್ದುದನ್ನು ಕಂಡ ನಮ್ಮ ಗುಮಾಸ್ತರು ಗಾಡಿಯ ಚೌಕಟ್ಟಿನಲ್ಲಿ ಕೊರೆದಿರುವ ಚಾಸಿ ನಂಬರಿನ ಮೇಲೆ ತೆಳು ಕಾಗದವಿಟ್ಟು ಪೆನ್ಸಿಲ್ ಉಜ್ಜಿದರು. ಮೂಡಿಬಂದ ಅಂಕಿಗಳಿಗೂ ಆರ್‌ಸಿಯಲ್ಲಿದ್ದ ಅಂಕಿಗಳಿಗೂ ಸಂಬಂಧವೇ ಇರಲಿಲ್ಲ. ಡೀಸೆಲ್ ಹಾಕಿಸಿಕೊಂಡು ಬರುತ್ತೇನೆಂದು ಗಾಡಿ ತೆಗೆದ ಚಾಲಕ ಹಿಂದಿರುಗಲಿಲ್ಲ. ಎಲ್ಲೋ ನೆಟ್ಟಗೆ ಓಡುತ್ತಿರುವ ಲಾರಿಯೊಂದರ ನಂಬರನ್ನು ಇನ್ನೊಂದಕ್ಕೆ ಬರೆದು, ಅದರದೇ ಕಾಗದಗಳ ಫೋಟೊ ತೋರಿಸುವುದು ಈ ಮೋಸದ ರೀತಿ.

ಬ್ರೋಕರ್ ಕೊಟ್ಟ ನಂಬರಿಗೇ ಫೋನ್ ಮಾಡಿ ಮಾಲೀಕರೇ ಎಂದು ವಿಚಾರಿಸಿದರೆ ಹೌದೆನ್ನುವವರು ಅವರ ಕಡೆಯವರೇ ಆಗಿರಬಹುದು. ಅವರು ಹೇಳುವ ಟ್ರಾನ್ಸ್‌ಪೋರ್ಟಿಗೆ ಜಿಎಸ್‌ಟಿ ನೋಂದಣಿ ಇದ್ದರೆ ಪೋರ್ಟಲಿನಲ್ಲಿ ವಿಳಾಸ ನೋಡಿ, ಆ ಊರಿನ ಪರಿಚಯದವರೊಬ್ಬರನ್ನು ಕಳುಹಿಸಿ ಕಚೇರಿ ಇದೆಯೇ ಎಂದು ಕಣ್ಣಾರೆ ನೋಡಿಸಿ. ಊರಿನಲ್ಲಿ ಗಾಡಿಯೇ ಸಿಗದಿರುವಾಗ ಒಬ್ಬರು ಮಾತ್ರ ಕಡಿಮೆ ಬಾಡಿಗೆಗೆ ಒಪ್ಪುತ್ತಿರುವುದು ನನಗಂತೂ ಸರಿಕಾಣುವುದಿಲ್ಲ.

ವಿಮೆಯ ಕೆಲಸದಲ್ಲಿರುವವರ ಉತ್ತರ: 2007ರ ಕ್ಯಾರೇಜ್ ಬೈ ರೋಡ್ ಕಾಯಿದೆಯ ನಿಯಮಗಳ ಪ್ರಕಾರ, ಹೆಚ್ಚಿನ ಹೊಣೆ ಹೊರಲು ಸಾಗಣೆದಾರರು ಕೇಳುವ ಹೆಚ್ಚಿನ ದರ ಕೊಡಲು ನೀವು ಮೊದಲೇ ಒಪ್ಪಿರದಿದ್ದರೆ, ಸಾಗಣೆದಾರರ ಹೊಣೆ ಬಾಡಿಗೆಯ ಹತ್ತು ಪಟ್ಟಿಗೆ ಸೀಮಿತ. ಬಾಡಿಗೆ 80,000 ರೂಪಾಯಿ ಎಂದಿಟ್ಟುಕೊಂಡರೆ 8 ಲಕ್ಷವಾಯಿತು. ನಿಮ್ಮ ಮಾಲು ಅದರ ಎಷ್ಟು ಪಟ್ಟು ಎಂಬುದನ್ನು ನೀವೇ ಲೆಕ್ಕ ಹಾಕಿ. ಆದ್ದರಿಂದ ದಾರಿಯಲ್ಲಿರುವ ಮಾಲಿಗೆ ಟ್ರಾನ್ಸಿಟ್ ವಿಮೆ ಮಾಡಿಸಿ, ಎಲ್‌ಆರ್‌ನಲ್ಲಿ (ಮಾಲು ಪಡೆದುದಕ್ಕೆ ಸಾಗಣೆದಾರರು ಕೊಡುವ ಲಾರಿ ರಸೀದಿ) ಮಾಲಿನ ಪೂರ್ತಿ ಬೆಲೆ ಬರೆಸಿ. ಮಾಲು ಕಾಣೆಯಾದರೆ ಅಂದೇ ಪೊಲೀಸ್ ದೂರು ಕೊಡಬೇಕು; ಬುಕಿಂಗ್ ಆದ 180 ದಿನಗಳೊಳಗೆ ಸಾಗಣೆದಾರರಿಗೆ ಲಿಖಿತ ನೋಟಿಸ್ ಹೋಗದಿದ್ದರೆ ದಾವೆ ಹೂಡಲು ಬರುವುದಿಲ್ಲ.

ಲಾರಿ ಮಾಲೀಕರೊಬ್ಬರ ಉತ್ತರ: ಬ್ರೋಕರ್‌ಗಳಿಂದ ನಾವೂ ಮೋಸ ಹೋಗುತ್ತೇವೆ. ಒಮ್ಮೆ ಮಾಲಿನವರು ಇಡೀ ಬಾಡಿಗೆಯನ್ನು ಬ್ರೋಕರ್‌ಗೇ ಕಟ್ಟಿದ್ದರು. ಆತ ಫೋನ್ ಆಫ್ ಮಾಡಿಕೊಂಡ. ನಮ್ಮ ಚಾಲಕ ಹಣ ಬರದೆ ಮಾಲು ಇಳಿಸುವುದಿಲ್ಲವೆಂದು ಎರಡು ದಿನ ಅಲ್ಲೇ ನಿಂತ. ಮಾಲಿನವರ ದೃಷ್ಟಿಯಲ್ಲಿ ಕಳ್ಳರು ನಾವಾದೆವು. ಅಂದಿನಿಂದ ಅಡ್ವಾನ್ಸ್ ಆಗಲಿ ಬಾಕಿಯಾಗಲಿ ಆರ್‌ಸಿಯಲ್ಲಿರುವ ಹೆಸರಿನ ಬ್ಯಾಂಕ್ ಖಾತೆಗೇ ಬರಬೇಕೆಂದು ಎಲ್‌ಆರ್ ಮೇಲೆ ಬರೆಸುತ್ತೇವೆ, ಬ್ರೋಕರ್ ಕಮಿಷನ್ ಬೇರೆಯಾಗಿ ಕೊಡುತ್ತೇವೆ. ನಿಮ್ಮ ಬ್ರೋಕರ್‌ಗೂ ಇದೇ ಮಾತು ಹೇಳಿ ನೋಡಿ. ಒಪ್ಪದಿದ್ದರೆ ಪರಿಚಯದ ಗಾಡಿ ಸಿಗುವವರೆಗೆ ಮಾಲು ಗೋದಾಮಿನಲ್ಲೇ ಇರಲಿ.