ಟೇಕಾಫ್ ಆದ ಕೂಡಲೇ ಎಂಜಿನ್ ಶಕ್ತಿ ಹೋಗಿದ್ದು ತನಿಖೆಯಲ್ಲಿ ಹೇಗೆ ಗೊತ್ತಾಗುತ್ತೆ?

ಪ್ರಶ್ನೆ: 2025ರ ಜೂನ್ 12ರಂದು ಅಹಮದಾಬಾದ್‌ನಲ್ಲಿ ಬಿದ್ದ ಏರ್ ಇಂಡಿಯಾ 171ರಲ್ಲಿ ರ‍್ಯಾಟ್ ಹೊರಬಂದಿತ್ತು. ಎರಡೂ ಎಂಜಿನ್ ನಿಂತವು ಅನ್ನೋಕೆ ಅಷ್ಟು ಸಾಕಾ?

ಉತ್ತರ 1: ಸಾಲದು. ರ‍್ಯಾಟ್ ಅಂದ್ರೆ ವಿಮಾನದ ಹೊಟ್ಟೆಯಿಂದ ಇಳಿಯುವ ಪುಟ್ಟ ಗಾಳಿ ಟರ್ಬೈನ್. ಕರೆಂಟ್ ಅಥವಾ ಹೈಡ್ರಾಲಿಕ್ ಒತ್ತಡ ಪೂರ್ತಿ ಹೋದರೂ ಬರುತ್ತೆ. ಇತ್ಯರ್ಥ ಮಾಡೋದು ಬ್ಲ್ಯಾಕ್ ಬಾಕ್ಸ್: ಎನ್1 (ಎಂಜಿನ್ನಿನ ಮುಂದಿನ ಫ್ಯಾನ್), ಎನ್2 (ಒಳಗಿನ ಕೋರ್) ತಿರುಗುವ ವೇಗ, ಎಕ್ಸಾಸ್ಟ್ (ಹೊರಬರುವ ಬಿಸಿ ಅನಿಲ) ತಾಪಮಾನ, ಸ್ವಿಚ್ ಸ್ಥಿತಿ. ವಿಮಾನ ಅಪಘಾತಗಳ ತನಿಖೆ ಮಾಡುವ ಸರ್ಕಾರಿ ಸಂಸ್ಥೆ ಎಎಐಬಿಯ ಪ್ರಾಥಮಿಕ ವರದಿ ಪ್ರಕಾರ ವೇಗ 180 ನಾಟ್ ಮುಟ್ಟಿದ ತಕ್ಷಣ ಎರಡೂ ಇಂಧನ ಸ್ವಿಚ್‌ಗಳು ಸುಮಾರು 1 ಸೆಕೆಂಡ್ ಅಂತರದಲ್ಲಿ ‘ರನ್’ನಿಂದ (ಇಂಧನ ಹರಿಯುವ ಸ್ಥಿತಿ) ‘ಕಟಾಫ್’ಗೆ (ಇಂಧನ ನಿಲ್ಲುವ ಸ್ಥಿತಿ) ಹೋದವು. ಏಕೆ ಅನ್ನೋದನ್ನ ಆ ವರದಿ ಹೇಳಿಲ್ಲ; ಟಿವಿ ಚರ್ಚೆಗಳು ಹೇಳಿಬಿಟ್ಟವು!

ಉತ್ತರ 2: ಅವಶೇಷವನ್ನಷ್ಟೇ ನಂಬಬೇಡಿ. ಎಂಜಿನ್ ಶಕ್ತಿ ಹೆಚ್ಚು-ಕಡಿಮೆ ಮಾಡುವ ಥ್ರಸ್ಟ್ ಲಿವರ್‌ಗಳು ಸಿಕ್ಕಿದ್ದು ಐಡಲ್ (ಅತಿ ಕಡಿಮೆ ಶಕ್ತಿ) ಹತ್ತಿರ, ಆದರೆ ಬ್ಲ್ಯಾಕ್ ಬಾಕ್ಸ್ ದಾಖಲೆಯಲ್ಲಿ ಅಪ್ಪಳಿಸುವವರೆಗೂ ಟೇಕಾಫ್ ಸ್ಥಾನದಲ್ಲೇ ಇದ್ದವು. ಇಂಧನ ತುಂಬಿಸಿದ ಟ್ಯಾಂಕರ್‌ಗಳ ಮಾದರಿಯೂ ಪರೀಕ್ಷೆಯಲ್ಲಿ ಸರಿಯಿತ್ತು.

ಪ್ರಶ್ನೆ: ಸ್ವಿಚ್ ವಾಪಸ್ ಹಾಕಿದ್ದರಲ್ಲ, ಎಂಜಿನ್ ಯಾಕೆ ಏಳಲಿಲ್ಲ?

ಉತ್ತರ 1: ಕಟಾಫ್ ಆದ ಮೇಲೆ ಮೊದಲನೆಯ ಸ್ವಿಚ್ ಸುಮಾರು 10 ಸೆಕೆಂಡಿಗೆ, ಎರಡನೆಯದು 14ಕ್ಕೆ ‘ರನ್’ಗೆ ಬಂತು. ಎರಡರಲ್ಲೂ ಎಕ್ಸಾಸ್ಟ್ ತಾಪಮಾನ ಏರಿದೆ, ಅಂದ್ರೆ ಮತ್ತೆ ಉರಿ ಹೊತ್ತಿದೆ. 1ನೇ ಎಂಜಿನ್ನಿನ ಕೋರ್ ಚೇತರಿಸಿಕೊಳ್ತಿತ್ತು. 2ನೆಯದರ ವೇಗ ಕುಸಿಯುವುದು ನಿಲ್ಲಲಿಲ್ಲ. ಕೋರ್ ಐಡಲ್‌ಗಿಂತ ಕೆಳಗಿಳಿದ ಮೇಲೆ ಪೂರ್ತಿ ಥ್ರಸ್ಟ್ ಬರೋಕೆ ಸಮಯ ಬೇಕು. ಕೊನೆಯ ಸ್ವಿಚ್ ಬದಲಾದ ಸುಮಾರು 15 ಸೆಕೆಂಡಿಗೆ ದಾಖಲೆಯೇ ನಿಂತಿದೆ.