ಯಹೂದಿಗಳನ್ನು ಬಚ್ಚಿಟ್ಟು ಕಾಪಾಡಿದ ಸಾಮಾನ್ಯರಿಗೆ ಆ ಧೈರ್ಯ ಎಲ್ಲಿಂದ ಬಂತು?

ಶಾಲ್ಮಲಾ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಾನು ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ಹತ್ತನೇ ತರಗತಿಯಲ್ಲಿ ನಾಜಿ ಆಳ್ವಿಕೆಯ ಪಾಠ ಬಂದಾಗ ಸುಮಾರು 60 ಲಕ್ಷ ಯಹೂದಿಗಳ ಹತ್ಯೆಯ ಸಂಗತಿಯನ್ನು ಹೇಳಿ ನಾನು ಮುಂದಕ್ಕೆ ಹೋಗಲು ನೋಡಿದರೂ ಮಕ್ಕಳು ಬಿಡುವುದಿಲ್ಲ. ‘ಯಾರೂ ತಡೀಲಿಲ್ವಾ ಮೇಡಂ?’ ಎಂದು ಕೇಳುತ್ತಾರೆ. ಆಗ ನಾನು ಅಟ್ಟದಲ್ಲಿ, ಕೊಟ್ಟಿಗೆಯಲ್ಲಿ, ನೆಲಮಾಳಿಗೆಯಲ್ಲಿ ಯಹೂದಿಗಳನ್ನು ಬಚ್ಚಿಟ್ಟು ಕಾಪಾಡಿದವರ ವಿಷಯ ಹೇಳುತ್ತೇನೆ. ಜೆರುಸಲೇಮಿನ ಯಾದ್ ವಶೇಮ್ ಸಂಸ್ಥೆಯು ಇಂಥ 28,000ಕ್ಕೂ ಹೆಚ್ಚು ಮಂದಿಯನ್ನು ಹೆಸರು ಹಿಡಿದು ಗುರುತಿಸಿ ಗೌರವಿಸಿದೆ ಎಂಬುದನ್ನೂ ತಿಳಿಸುತ್ತೇನೆ.

ನನಗೆ ಉತ್ತರ ಸಿಗದಿರುವುದು ಇದರ ಮುಂದಿನ ಪ್ರಶ್ನೆಗೆ. ಇವರಲ್ಲಿ ಹೆಚ್ಚಿನವರು ರೈತರು, ದಾದಿಯರು, ಪಾದ್ರಿಗಳು, ಮನೆವಾರ್ತೆ ನೋಡಿಕೊಳ್ಳುವ ಹೆಂಗಸರು. ಅದೇ ಬೀದಿಯ ಉಳಿದವರೆಲ್ಲ ಕದ ಮುಚ್ಚಿಕೊಂಡಾಗ ಇವರು ಮಾತ್ರ ತೆರೆದದ್ದು ಹೇಗೆ? ಅದು ಹುಟ್ಟುಗುಣವೇ, ಧರ್ಮಶ್ರದ್ಧೆಯೇ, ಬೆಳೆದ ಬಗೆಯೇ? ‘ಅವರು ಮಹಾತ್ಮರು’ ಎಂದುಬಿಟ್ಟರೆ ಮಕ್ಕಳು ಕೈಮುಗಿದು, ಅದು ತಮಗೆ ಸಂಬಂಧಿಸಿದ್ದಲ್ಲವೆಂದು ಪುಸ್ತಕ ಮುಚ್ಚಿಡುತ್ತಾರೆ. ಹಾಗಾಗದಂತೆ ಈ ವಿಷಯವನ್ನು ಹೇಗೆ ವಿವರಿಸಬೇಕೆಂದು ಬಲ್ಲವರು ತಿಳಿಸಿಕೊಡಬೇಕಾಗಿ ವಿನಂತಿ.

ಹಳೆಯ ಮೇಷ್ಟ್ರು (ಉತ್ತರ)

ಶಾಲ್ಮಲಾ ಅವರೇ, ಮಕ್ಕಳಿಗೆ ಒಬ್ಬ ವೀರನ ಕಥೆ ಹೇಳುವ ಬದಲು ಒಂದು ಊರಿನ ಕಥೆ ಹೇಳಿ ನೋಡಿ. ದಕ್ಷಿಣ ಫ್ರಾನ್ಸಿನ ಎತ್ತರದ ಪ್ರಸ್ಥಭೂಮಿಯಲ್ಲಿ, ಚಳಿಗಾಲದಲ್ಲಿ ಹಿಮದಿಂದ ದಾರಿಗಳು ಮುಚ್ಚಿಹೋಗುವ ಜಾಗದಲ್ಲಿ, ಲ ಶಾಂಬೋ ಎಂಬ ಊರಿದೆ. ಅಲ್ಲಿಯೂ ಸುತ್ತಲಿನ ಹಳ್ಳಿಗಳಲ್ಲಿಯೂ ಸೇರಿ ಯುದ್ಧದ ವರ್ಷಗಳಲ್ಲಿ ಸುಮಾರು 5,000 ಜನ ಆಶ್ರಯ ಪಡೆದರೆಂದೂ ಅವರಲ್ಲಿ 3,000ಕ್ಕೂ ಹೆಚ್ಚು ಮಂದಿ ಯಹೂದಿಗಳಾಗಿದ್ದರೆಂದೂ ಸಾಮಾನ್ಯವಾಗಿ ಅಂದಾಜಿಸುತ್ತಾರೆ. ಕೆಲವು ಇತಿಹಾಸಕಾರರ ಲೆಕ್ಕ ಇದಕ್ಕಿಂತ ಕಡಿಮೆಯಿದೆ. ಸಂಖ್ಯೆ ಏನೇ ಇರಲಿ, ಊರಿಗೆ ಊರೇ ಈ ಕೆಲಸದಲ್ಲಿ ತೊಡಗಿತ್ತು ಎಂಬುದರಲ್ಲಿ ಅನುಮಾನವಿಲ್ಲ.

ಅಲ್ಲಿನ ಜನ ಪ್ರಾಟೆಸ್ಟಂಟರು. 1685ರಲ್ಲಿ ಫ್ರಾನ್ಸಿನ ದೊರೆ ಅವರ ಪೂರ್ವಜರ ಧಾರ್ಮಿಕ ಸ್ವಾತಂತ್ರ್ಯವನ್ನು ಕಿತ್ತುಕೊಂಡ ಮೇಲೆ ತಲೆಮಾರುಗಳ ಕಾಲ ಅವರು ಕದ್ದುಮುಚ್ಚಿ ಪ್ರಾರ್ಥಿಸಬೇಕಾಗಿತ್ತು. ರಾಜನ ಸೈನಿಕರಿಂದ ತಮ್ಮವರನ್ನು ಬಚ್ಚಿಟ್ಟ ಕಥೆಗಳನ್ನು ಅಜ್ಜಿಯರ ಬಾಯಿಂದ ಕೇಳಿ ಬೆಳೆದವರು ಅವರು. 1930ರ ದಶಕದ ಕೊನೆಯಲ್ಲಿ ಸ್ಪೇನಿನ ಅಂತರ್ಯುದ್ಧದಿಂದ ಓಡಿಬಂದವರಿಗೂ ಆ ಪ್ರದೇಶ ನೆಲೆ ಕೊಟ್ಟಿತ್ತು. ಹಾಗಾಗಿ ಅಪರಿಚಿತರಿಗೆ ಊಟ ಹಾಕಿ ಮಲಗಲು ಜಾಗ ಕೊಡುವ ರೂಢಿ ಯಹೂದಿಗಳು ಬರುವ ಮೊದಲೇ ಆ ಮನೆಗಳಲ್ಲಿತ್ತು. ಇದು ಬಹಳ ಮುಖ್ಯವೆಂದು ನನಗೆ ತೋರುತ್ತದೆ.

1940ರ ಜೂನಿನಲ್ಲಿ ಫ್ರಾನ್ಸ್ ಶರಣಾದ ಮರುದಿನವೇ ಊರಿನ ಪಾದ್ರಿಗಳಾದ ಆಂದ್ರೆ ತ್ರೋಕ್ಮೆ ಮತ್ತು ಎದುವಾರ್ ತೆಯ್ಸ್, ಮನಸ್ಸಾಕ್ಷಿಯ ಮೇಲೆ ನಡೆಯುವ ಬಲಾತ್ಕಾರವನ್ನು ಆತ್ಮದ ಆಯುಧಗಳಿಂದ ಎದುರಿಸಬೇಕು ಎಂದು ಸಭೆಗೆ ಬೋಧಿಸಿದರು. ಬೋಧನೆಗಿಂತ ನನ್ನ ಮನಸ್ಸಿನಲ್ಲಿ ನಿಂತಿರುವುದು ತ್ರೋಕ್ಮೆಯವರ ಪತ್ನಿ ಮಗ್ದಾ ಮಾಡಿದ ಕೆಲಸ. ಆ ವರ್ಷದ ಚಳಿಗಾಲದಲ್ಲಿ ಜರ್ಮನಿಯಿಂದ ಓಡಿಬಂದ ಯಹೂದಿ ಹೆಂಗಸೊಬ್ಬಳು ಹಿಮದಲ್ಲಿ ನೆನೆದು ಬಾಗಿಲಿಗೆ ಬಂದು, ಒಳಗೆ ಬರಬಹುದೇ ಎಂದು ಕೇಳಿದಳು. ಮಗ್ದಾ ಒಳಗೆ ಕರೆದು, ಒಲೆಯ ಬಳಿ ಕೂರಿಸಿ, ಊಟಕ್ಕಿಟ್ಟು, ಆಕೆಗೆ ಬೇಕಾದ ಗುರುತುಪತ್ರ ಕೊಡಿಸಲೆಂದು ಮೇಯರ್ ಬಳಿಗೆ ಹೋದರು. ಮೇಯರ್ ಸಿಟ್ಟಾಗಿ, ಆಕೆಯನ್ನು ಊರಿಂದ ಕಳುಹಿಸಿಬಿಡಿ ಎಂದರು. ಇನ್ನು ಮುಂದೆ ಯಾವ ಅಧಿಕಾರಿಯನ್ನೂ ಕೇಳದೆ ಈ ಕೆಲಸ ಮಾಡಬೇಕೆಂಬುದು ಮಗ್ದಾ ಅವರಿಗೆ ಅಂದೇ ಮನದಟ್ಟಾಯಿತು. ನಾಲ್ಕು ವರ್ಷಗಳ ಆ ಸಾಹಸ ಅಲ್ಲಿ ಶುರುವಾದದ್ದು ಹೀಗೆ, ಒಬ್ಬಳಿಗೆ ಒಂದು ತಟ್ಟೆ ಊಟದಿಂದ.

1942ರ ಆಗಸ್ಟಿನಲ್ಲಿ ಪೊಲೀಸರು ಬಸ್ಸುಗಳೊಂದಿಗೆ ಬಂದು ಯಹೂದಿಗಳ ಪಟ್ಟಿ ಕೊಡಿ ಎಂದಾಗ ತ್ರೋಕ್ಮೆ ಒಪ್ಪಲಿಲ್ಲ. ಅಷ್ಟರಲ್ಲಿ ಊರಿನ ಹುಡುಗರು ತೋಟದ ಮನೆಗಳಿಗೆ ಓಡಿ ಸುದ್ದಿ ಮುಟ್ಟಿಸಿದ್ದರು, ಬಚ್ಚಿಟ್ಟುಕೊಂಡವರು ಕಾಡು ಸೇರಿದ್ದರು. ಪೊಲೀಸರ ಕೈಗೆ ಸಿಕ್ಕವರು ಬೆರಳೆಣಿಕೆಯಷ್ಟು ಮಂದಿ. ಸುಳ್ಳು ಗುರುತುಪತ್ರಗಳನ್ನು ತಯಾರಿಸುತ್ತಿದ್ದವನು ಇಪ್ಪತ್ತು ಕೂಡ ತುಂಬದ ಯಹೂದಿ ಯುವಕ ಆಸ್ಕರ್ ರೊಸೋವ್ಸ್ಕಿ. ಅವನು ತನ್ನ ಮೊಹರು, ಶಾಯಿ, ಕಾಗದಗಳನ್ನೆಲ್ಲ ಆಶ್ರಯ ಕೊಟ್ಟ ರೈತನ ಜೇನುಪೆಟ್ಟಿಗೆಗಳೊಳಗೆ ಅಡಗಿಸಿಡುತ್ತಿದ್ದ. ಎಲ್ಲವೂ ಸುಖಾಂತವಾಗಲಿಲ್ಲ ಎಂಬುದನ್ನೂ ಹೇಳಬೇಕು. ತ್ರೋಕ್ಮೆಯವರ ಬಂಧುವಾದ ಶಿಕ್ಷಕ ದಾನಿಯೆಲ್ ತ್ರೋಕ್ಮೆ ತಮ್ಮ ವಿದ್ಯಾರ್ಥಿಗಳೊಂದಿಗೆ 1943ರ ಜೂನಿನಲ್ಲಿ ಸೆರೆಯಾಗಿ, ಮರುವರ್ಷ ನಾಜಿಗಳ ಮೈದಾನೆಕ್ ಸೆರೆಶಿಬಿರದಲ್ಲಿ ಪ್ರಾಣಬಿಟ್ಟರು.

ಬಯಲುಸೀಮೆ (ಉತ್ತರ)

ಮೇಷ್ಟ್ರ ಮಾತನ್ನು ಗೌರವಿಸುತ್ತಲೇ ಒಂದು ಆಕ್ಷೇಪ ಹೇಳಬೇಕಾಗಿದೆ. ಊರೆಲ್ಲ ಒಂದಾಗಿದ್ದ ಕಡೆ ಧೈರ್ಯ ತೋರುವುದಕ್ಕೂ, ಯಾವ ನೆರೆಯವನು ಸುದ್ದಿ ಕೊಡುತ್ತಾನೋ ಎಂದು ಮೈಯೆಲ್ಲ ಕಣ್ಣಾಗಿ ಬದುಕಬೇಕಿದ್ದ ಕಡೆ ತೋರುವುದಕ್ಕೂ ಅಜಗಜಾಂತರವಿದೆ. ಪೋಲೆಂಡಿನ ಕಥೆ ಎರಡನೆಯ ಬಗೆಯದು. 1941ರ ಅಕ್ಟೋಬರಿನಲ್ಲಿ ಅಲ್ಲಿನ ಜರ್ಮನ್ ಆಡಳಿತವು, ಘೆಟ್ಟೊ (ಯಹೂದಿಗಳನ್ನು ಕೂಡಿಹಾಕಿದ್ದ ಬಡಾವಣೆ) ಬಿಟ್ಟು ಬಂದ ಯಹೂದಿಗೂ ಅವನಿಗೆ ತಿಳಿದೂ ಆಶ್ರಯ ಕೊಟ್ಟವರಿಗೂ ಮರಣದಂಡನೆ ಎಂದು ಆಜ್ಞೆ ಹೊರಡಿಸಿತು. ಮಾರ್ಕೋವಾ ಎಂಬ ಹಳ್ಳಿಯಲ್ಲಿ ಯೂಜೆಫ್ ಉಲ್ಮಾ ಎಂಬ ರೈತ ಎಂಟು ಮಂದಿ ಯಹೂದಿಗಳನ್ನು ತನ್ನ ಮನೆಯಲ್ಲಿ ಇಟ್ಟುಕೊಂಡಿದ್ದ. 1944ರ ಮಾರ್ಚ್ 24ರಂದು ಬೆಳಕು ಹರಿಯುವ ಮೊದಲೇ ಜರ್ಮನ್ ಪೊಲೀಸರು ಬಂದು ಆ ಎಂಟು ಮಂದಿಯನ್ನೂ, ಯೂಜೆಫನನ್ನೂ, ತುಂಬು ಬಸುರಿಯಾಗಿದ್ದ ಅವನ ಹೆಂಡತಿ ವಿಕ್ತೋರಿಯಾಳನ್ನೂ, ಅವರ ಆರು ಮಕ್ಕಳನ್ನೂ ಗುಂಡಿಟ್ಟು ಕೊಂದರು. ಇದನ್ನು ಕಣ್ಣಾರೆ ಕಂಡ ಮೇಲೂ ಅದೇ ಹಳ್ಳಿಯ ಬೇರೆ ಮನೆಗಳಲ್ಲಿ ಅಡಗಿದ್ದ ಇಪ್ಪತ್ತಕ್ಕೂ ಹೆಚ್ಚು ಯಹೂದಿಗಳು ಯುದ್ಧ ಮುಗಿಯುವವರೆಗೆ ಬದುಕುಳಿದರು. ಮರುದಿನ ಬೆಳಿಗ್ಗೆ ಆ ಮನೆಗಳ ಯಜಮಾನರು ತಮ್ಮ ಮಕ್ಕಳ ಮುಖ ನೋಡಿ ಏನೆಂದುಕೊಂಡಿದ್ದಿರಬಹುದು ಎಂಬುದನ್ನು ನಾನು ಎಷ್ಟೋ ಸಲ ಯೋಚಿಸಿದ್ದೇನೆ.

ಹಾಗೆಂದು ಅಲ್ಲಿ ಎಲ್ಲರೂ ಒಂಟಿಯಾಗಿದ್ದರೆಂದಲ್ಲ. ವಾರ್ಸಾದ ಇರೇನಾ ಸೆಂಡ್ಲರ್ ಅವರ ಹೆಸರನ್ನು ಬಹಳ ಮಂದಿ ಕೇಳಿರುತ್ತಾರೆ. ನಗರಾಡಳಿತದ ಸಮಾಜ ಕಲ್ಯಾಣ ವಿಭಾಗದಲ್ಲಿದ್ದ ಅವರು, ಸಾಂಕ್ರಾಮಿಕ ರೋಗದ ತಪಾಸಣೆಯ ಪಾಸು ಹಿಡಿದು ಘೆಟ್ಟೊದೊಳಗೆ ಹೋಗಿ ಮಕ್ಕಳನ್ನು ಹೊರತರುತ್ತಿದ್ದರು. ಅವರ ಬಳಗ ಕಾಪಾಡಿದ ಮಕ್ಕಳು ಸುಮಾರು 2,500 ಎನ್ನಲಾಗುತ್ತದೆ. ಮಕ್ಕಳ ನಿಜವಾದ ಹೆಸರುಗಳನ್ನು ತೆಳುಕಾಗದದ ಮೇಲೆ ಬರೆದು, ಬಾಟಲಿಯಲ್ಲಿಟ್ಟು, ಸಹೋದ್ಯೋಗಿಯೊಬ್ಬರ ಹಿತ್ತಲಿನ ಸೇಬಿನ ಮರದಡಿ ಹೂತಿದ್ದರು. ಆದರೆ ಈ ಕೆಲಸದ ಹಿಂದೆ 1942ರ ಡಿಸೆಂಬರಿನಲ್ಲಿ ಹುಟ್ಟಿದ ಜೆಗೋಟಾ ಎಂಬ ಗುಪ್ತ ಸಂಘಟನೆಯಿತ್ತು, ಹಣವಿತ್ತು, ಹತ್ತಾರು ಸಹೋದ್ಯೋಗಿಗಳಿದ್ದರು, ಮಕ್ಕಳನ್ನು ಸೇರಿಸಿಕೊಂಡ ಸನ್ಯಾಸಿನಿಯರ ಮಠಗಳಿದ್ದವು. ಒಬ್ಬ ಮಗುವನ್ನು ಉಳಿಸಲು ಹಲವರು ಕೈಜೋಡಿಸಬೇಕಿತ್ತು, ಹಿಡಿದುಕೊಡಲು ಒಬ್ಬನೇ ಸಾಕಾಗಿದ್ದ. ಸೆಂಡ್ಲರ್ 1943ರ ಅಕ್ಟೋಬರಿನಲ್ಲಿ ಸೆರೆಯಾಗಿ ಚಿತ್ರಹಿಂಸೆ ಅನುಭವಿಸಿದರೂ ಒಂದು ಹೆಸರನ್ನೂ ಬಾಯಿಬಿಡಲಿಲ್ಲ. ಕೊನೆಗೆ ಸಂಘಟನೆಯವರು ಲಂಚ ಕೊಟ್ಟು ಅವರನ್ನು ಬಿಡಿಸಿಕೊಂಡರು.

ಶಾಲ್ಮಲಾ

ಇಬ್ಬರಿಗೂ ಧನ್ಯವಾದಗಳು. ಊರಿನ ರೂಢಿ, ಸಂಘಟನೆಯ ಬೆಂಬಲ ಎರಡೂ ಅರ್ಥವಾಯಿತು. ಆದರೂ ಮಾರ್ಕೋವಾದಲ್ಲಿ ಒಂದು ಮನೆ ಆಶ್ರಯ ಕೊಟ್ಟು ಪಕ್ಕದ ಮನೆ ಕೊಡದಿರಲು ಕಾರಣವೇನೆಂಬುದು ಉಳಿಯುತ್ತದೆ. ಇದರ ಬಗ್ಗೆ ಯಾರಾದರೂ ವ್ಯವಸ್ಥಿತವಾಗಿ ಅಧ್ಯಯನ ಮಾಡಿದ್ದಾರೆಯೇ?

ತುಂಗಾತೀರ (ಉತ್ತರ)

ಮಾಡಿದ್ದಾರೆ ಮೇಡಂ, ಅದೂ ತಾವೇ ಹಾಗೆ ಬದುಕುಳಿದವರೊಬ್ಬರು. 1942ರ ಆಗಸ್ಟಿನಲ್ಲಿ ಪೋಲೆಂಡಿನ ಬೊಬೋವಾ ಘೆಟ್ಟೊದ ಯಹೂದಿಗಳನ್ನು ಕೊಲ್ಲಲು ಒಯ್ದಾಗ ಸ್ಯಾಮ್ಯುಯೆಲ್ ಆಲಿನರ್ 12 ವರ್ಷದ ಹುಡುಗ. ಓಡಿಹೋಗಿ ಬಚ್ಚಿಟ್ಟುಕೋ ಎಂದು ಮಲತಾಯಿ ಹೇಳಿದ್ದರಿಂದ ಮಾಡಿನ ಮೇಲೆ ಅಡಗಿ ಉಳಿದುಕೊಂಡ. ಆಮೇಲೆ ತಂದೆಯ ವ್ಯವಹಾರದ ಪರಿಚಯವಿದ್ದ ಬಾಲ್ವಿನಾ ಪ್ಯೆತ್ಸುಖ್ ಎಂಬ ರೈತ ಹೆಂಗಸಿನ ಮನೆಗೆ ನಡೆದುಹೋದ. ಆಕೆ ಅವನನ್ನು ಒಳಗೆ ಕರೆದುಕೊಂಡು, ಕ್ರೈಸ್ತ ಪ್ರಾರ್ಥನೆಗಳನ್ನು ಬಾಯಿಪಾಠ ಮಾಡಿಸಿ, ಪೋಲಿಷ್ ಹೆಸರು ಕೊಟ್ಟು, ದೂರದ ತೋಟವೊಂದರಲ್ಲಿ ದನ ಕುದುರೆ ನೋಡಿಕೊಳ್ಳುವ ಆಳಾಗಿ ಸೇರುವಂತೆ ಅಣಿಗೊಳಿಸಿದಳು. ಆ ಹುಡುಗ ಮುಂದೆ ಅಮೆರಿಕದಲ್ಲಿ ಸಮಾಜಶಾಸ್ತ್ರದ ಪ್ರಾಧ್ಯಾಪಕನಾದ. ಪತ್ನಿ ಪರ್ಲ್ ಜೊತೆಗೂಡಿ, ಯಹೂದಿಗಳನ್ನು ಕಾಪಾಡಿದ 400ಕ್ಕೂ ಹೆಚ್ಚು ಮಂದಿಯನ್ನೂ, ಅದೇ ಕಾಲದಲ್ಲಿ ಅದೇ ಪ್ರದೇಶಗಳಲ್ಲಿದ್ದು ಸುಮ್ಮನಿದ್ದವರನ್ನೂ ವಿವರವಾಗಿ ಮಾತನಾಡಿಸಿ, 1988ರಲ್ಲಿ ಆ ಅಧ್ಯಯನವನ್ನು ಪ್ರಕಟಿಸಿದರು.

ಅವರು ಕಂಡುಕೊಂಡ ಎರಡು ಸಂಗತಿಗಳು ತಮ್ಮ ತರಗತಿಗೆ ನೇರವಾಗಿ ಉಪಯೋಗಕ್ಕೆ ಬರಬಹುದು. ಕಾಪಾಡಿದವರಲ್ಲಿ ಹೆಚ್ಚಿನವರು ತಾವಾಗಿ ಹುಡುಕಿಕೊಂಡು ಹೋದವರಲ್ಲ, ಯಾರೋ ಬಂದು ನೇರವಾಗಿ ಸಹಾಯ ಕೇಳಿದಾಗ ಆಗುವುದಿಲ್ಲ ಎನ್ನಲಾರದೆ ಹೋದವರು. ಹಾಗಾಗಿ ಕೇಳಿದವರ ಧೈರ್ಯಕ್ಕೂ ಈ ಚರಿತ್ರೆಯಲ್ಲಿ ಪಾಲು ಕೊಡಬೇಕು. ಕತ್ತಲಲ್ಲಿ ಬಾಗಿಲು ತಟ್ಟಿದ ಆ ಹನ್ನೆರಡರ ಹುಡುಗನಿಗೆ, ತೆರೆದವರು ಪೊಲೀಸರನ್ನು ಕರೆಯುತ್ತಾರೋ ರೊಟ್ಟಿ ಕೊಡುತ್ತಾರೋ ತಿಳಿದಿರಲಿಲ್ಲ. ಇನ್ನೊಂದು ಸಂಗತಿ ಬೆಳೆದ ಮನೆಯ ಕುರಿತದ್ದು. ಕಾಪಾಡಿದವರ ತಂದೆತಾಯಿ ಮಕ್ಕಳು ತಪ್ಪು ಮಾಡಿದಾಗ ಹೊಡೆದು ಬಡಿದು ಮಾಡುವುದಕ್ಕಿಂತ, ಅದರಿಂದ ಯಾರಿಗೆ ಏನು ನೋವಾಯಿತು ಎಂದು ಕೂರಿಸಿಕೊಂಡು ತಿಳಿಸಿ ಹೇಳುವವರಾಗಿದ್ದರು. ನಮ್ಮವರು, ಪರರು ಎಂಬ ಭೇದ ಆ ಮನೆಗಳಲ್ಲಿ ಅಷ್ಟಾಗಿ ಇರಲಿಲ್ಲ. ದೇವರನ್ನು ನಂಬುವವರು, ನಂಬದವರು, ಓದಿದವರು, ಓದದವರು ಎಲ್ಲರೂ ಎರಡೂ ಗುಂಪಿನಲ್ಲಿದ್ದರು. ಬೆತ್ತವಿಲ್ಲದೆ ಮಕ್ಕಳು ಕಲಿಯುವುದಿಲ್ಲ ಎಂದು ಇಂದಿಗೂ ವಾದಿಸುವವರು ನಮ್ಮಲ್ಲಿರುವುದರಿಂದ ಇದನ್ನು ಒತ್ತಿ ಹೇಳುತ್ತಿದ್ದೇನೆ.

ಕರಾವಳಿಯವ (ಉತ್ತರ)

ತುಂಗಾತೀರ ಅವರ ಮಾತಿಗೆ ಸೇರಿಸಬೇಕಾದದ್ದೊಂದಿದೆ. ಒಳ್ಳೆಯ ಮನೆಯಲ್ಲಿ ಬೆಳೆದವರು ಮಾತ್ರ ಒಳ್ಳೆಯದು ಮಾಡಿದರು ಎಂದು ಮಕ್ಕಳು ತಿಳಿಯಬಾರದು. ಲ್ವೂಫ್ ನಗರದಲ್ಲಿ, ಎಂದರೆ ಇಂದಿನ ಯುಕ್ರೇನಿನ ಲ್ವಿವ್‌ನಲ್ಲಿ, ಲಿಯೋಪೋಲ್ಡ್ ಸೋಖಾ ಎಂಬ ಒಳಚರಂಡಿ ಕೆಲಸಗಾರನಿದ್ದ. ಹಿಂದೆ ಕಳ್ಳತನ ಮಾಡಿ ಜೈಲು ಕಂಡವನು. 1943ರಲ್ಲಿ ಘೆಟ್ಟೊವನ್ನು ನಾಶಮಾಡಿದಾಗ ಚರಂಡಿಗಿಳಿದಿದ್ದ ಯಹೂದಿಗಳ ಗುಂಪೊಂದು ಅವನ ಕಣ್ಣಿಗೆ ಬಿತ್ತು. ದಿನಕ್ಕಿಷ್ಟು ಎಂದು ಹಣ ಪಡೆದು ಊಟ ತಂದುಕೊಡಲು ಅವನು ಒಪ್ಪಿದ. ಇಲಿಗಳ ನಡುವೆ, ನೆಟ್ಟಗೆ ನಿಲ್ಲಲೂ ಆಗದ ತೇವದ ಜಾಗದಲ್ಲಿದ್ದ ಅವರಿಗೆ ರೊಟ್ಟಿ ತಲುಪಿಸಿದ, ಕೊಳೆಯಾದ ಬಟ್ಟೆಗಳನ್ನು ಮನೆಗೊಯ್ದು ಒಗೆಸಿ ತಂದ. ಕೆಲವು ತಿಂಗಳುಗಳಲ್ಲಿ ಅವರ ಹಣ ಖಾಲಿಯಾಯಿತು. ಬರುವುದನ್ನು ಅವನು ನಿಲ್ಲಿಸಲಿಲ್ಲ. ಸುಮಾರು 14 ತಿಂಗಳ ನಂತರ, 1944ರ ಜುಲೈನಲ್ಲಿ ಸೋವಿಯತ್ ಸೇನೆ ನಗರಕ್ಕೆ ಬಂದಾಗ, ಹತ್ತು ಮಂದಿ ಅವನ ಕೈಹಿಡಿದು ಮೇಲೆ ಬಂದರು. ಅವರಲ್ಲಿ ಪುಟ್ಟ ಮಕ್ಕಳೂ ಇದ್ದರು.

ಹಣಕ್ಕಾಗಿ ಶುರುಮಾಡಿದ್ದರಿಂದ ಅವನ ಕೆಲಸದ ಬೆಲೆ ಕಡಿಮೆಯಾಯಿತೇ ಎಂದು ಮಕ್ಕಳನ್ನೇ ಕೇಳಿ ನೋಡಿ. ನನ್ನ ಮಟ್ಟಿಗೆ ಇಲ್ಲ. ದಿನವೂ ಮುಖ ನೋಡಿ, ಹೆಸರು ಹಿಡಿದು ಕರೆದು, ಮಕ್ಕಳ ಕೆಮ್ಮು ಕೇಳಿಸಿಕೊಂಡ ಮೇಲೆ ಅವನಿಗೆ ಅವರು ಗಿರಾಕಿಗಳಾಗಿ ಉಳಿಯಲಿಲ್ಲ. ಎಷ್ಟೋ ಮಂದಿಯಲ್ಲಿ ಧೈರ್ಯ ಹೀಗೆ, ಕೆಲಸಕ್ಕೆ ಕೈಹಚ್ಚಿದ ಮೇಲೆ ಬೆಳೆದದ್ದು.

ಬಯಲುಸೀಮೆ

ಇನ್ನೊಂದು ಮುಖವನ್ನೂ ಮಕ್ಕಳಿಗೆ ಹೇಳಬೇಕೆಂಬುದು ನನ್ನ ಆಗ್ರಹ. ಯುದ್ಧ ಮುಗಿದ ಮೇಲೆ ಇವರಿಗೆಲ್ಲ ಹಾರತುರಾಯಿ ಸಿಕ್ಕಿತೆಂದು ನಾವು ಭಾವಿಸುತ್ತೇವೆ. ಪೋಲೆಂಡಿನ ಯೆದ್ವಾಬ್ನೆ ಎಂಬ ಊರಿನಲ್ಲಿ 1941ರ ಜುಲೈ 10ರಂದು ನೆರೆಹೊರೆಯ ಪೋಲಿಷರೇ ನೂರಾರು ಯಹೂದಿಗಳನ್ನು ಕಣಜದ ಕೊಟ್ಟಿಗೆಯೊಂದರಲ್ಲಿ ಕೂಡಿ ಸುಟ್ಟುಹಾಕಿದರು. ಅಲ್ಲಿಂದ ತಪ್ಪಿಸಿಕೊಂಡವರೂ ಸೇರಿ ಏಳು ಮಂದಿಯನ್ನು ಹತ್ತಿರದ ಯಾಂಚೆವ್ಕೊ ಹಳ್ಳಿಯ ಅಂತೋನಿನಾ ವಿಜಿಕೋವ್ಸ್ಕಾ ಮತ್ತು ಆಕೆಯ ಗಂಡ 1942ರ ನವೆಂಬರಿನಿಂದ 1945ರ ಜನವರಿಯವರೆಗೆ, ಎಂದರೆ ಎರಡು ವರ್ಷಕ್ಕೂ ಮೀರಿ, ತಮ್ಮ ಕೊಟ್ಟಿಗೆಯಡಿಯ ಗುಂಡಿಗಳಲ್ಲಿ ಅಡಗಿಸಿಟ್ಟು ಅನ್ನ ನೀರು ಕೊಟ್ಟರು. ಜರ್ಮನರು ಹೋದ ಮೇಲೆ ಆಕೆಯ ಮನೆಗೆ ನುಗ್ಗಿ ಆಕೆಯನ್ನು ಹಿಗ್ಗಾಮುಗ್ಗಾ ಹೊಡೆದವರು ಸ್ವಂತ ನೆರೆಯವರು, ಯಹೂದಿಗಳನ್ನು ಉಳಿಸಿದಳೆಂಬ ಒಂದೇ ಕಾರಣಕ್ಕೆ. ದಂಪತಿ ಹುಟ್ಟಿದ ಸೀಮೆಯನ್ನೇ ಬಿಟ್ಟು ಹೋಗಬೇಕಾಯಿತು. ಯಾದ್ ವಶೇಮ್ 1976ರಲ್ಲಿ ಆಕೆಯನ್ನು ಗೌರವಿಸಿತು. ಆಕೆಯ ಹಳೆಯ ನೆರೆಹೊರೆಯವರಲ್ಲಿ ಹಲವರಿಗೆ ಆ ಗೌರವ ಆಗಲೂ ಹಿಡಿಸಲಿಲ್ಲ.