ರಕ್ತದ ಕ್ಯಾನ್ಸರ್‌ಗೆ ಕೆಲಸ ಮಾಡೋ ಕಾರ್-ಟಿ, ಗಡ್ಡೆಗೆ ಯಾಕೆ ಮಾಡಲ್ಲ?

ಬೆಳ್ಳಿಚುಕ್ಕಿ:
ನಮ್ಮಣ್ಣಂಗೆ ಶ್ವಾಸಕೋಶದಲ್ಲಿ ಗಡ್ಡೆ ಅಂತ ಗೊತ್ತಾದಾಗಿಂದ ನಿದ್ದೆ ಬಿಟ್ಟು ಇದನ್ನೇ ಓದ್ತಾ ಕೂತಿದೀನಿ. ಕಾರ್-ಟಿ ಅಂತ ಇದೆಯಲ್ಲ, ರೋಗಿದೇ ಟಿ ಸೆಲ್ (ರೋಗದ ವಿರುದ್ಧ ಹೋರಾಡೋ ಬಿಳಿ ರಕ್ತಕಣ) ತೆಗೆದು ಲ್ಯಾಬಲ್ಲಿ ಜೀನ್ ಸೇರಿಸಿ ವಾಪಸ್ ಹಾಕೋದು, ಅದಕ್ಕೆ 2017ರಲ್ಲೇ ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಪ್ಪಿಗೆ ಕೊಟ್ಟಿದೆ, ಬೇರೆ ಯಾವ ಔಷಧಿಗೂ ಬಗ್ಗದ ಲ್ಯುಕೇಮಿಯಾ ಅನ್ನೋ ರಕ್ತದ ಕ್ಯಾನ್ಸರ್ ಇದ್ದ ಮಕ್ಕಳೂ ಚೇತರಿಸ್ಕೊಂಡಿದಾರೆ. ಹಾಗಿದ್ರೆ ಗಡ್ಡೆಗೆ ಯಾಕಿಲ್ಲ? ಡಾಕ್ಟರ್ನ ಕೇಳಿದ್ರೆ ‘ಅದು ಬೇರೆ ಕಣಮ್ಮ’ ಅಂದ್ರು ಅಷ್ಟೇ. ಯಾರಾದ್ರೂ ಬಿಡಿಸಿ ಹೇಳ್ತೀರಾ?

ಲ್ಯಾಬ್‌ಕೋಟು:
ಇಮ್ಯುನಾಲಜಿ ಲ್ಯಾಬಲ್ಲಿ ಕೆಲಸ ಮಾಡ್ತೀನಿ, ನಂಗೆ ತಿಳಿದಷ್ಟು ಹೇಳ್ತೀನಿ ಮೇಡಂ. ಮೊದಲ ತೊಂದರೆ ಗುರುತು ಹಿಡಿಯೋದ್ರಲ್ಲಿ. ಲ್ಯುಕೇಮಿಯಾದಲ್ಲಿ ಗುರಿ ಸಿಡಿ19 ಅನ್ನೋ ಪ್ರೋಟೀನು, ಅದು ಆರೋಗ್ಯವಾಗಿರೋ ಬಿ ಸೆಲ್ (ಆ್ಯಂಟಿಬಾಡಿ ತಯಾರಿಸೋ ರಕ್ತಕಣ) ಮೇಲೂ ಇರುತ್ತೆ, ಕಾರ್-ಟಿ ಎರಡನ್ನೂ ಕೊಲ್ಲುತ್ತೆ. ಆದ್ರೆ ಬಿ ಸೆಲ್ ಇಲ್ದೇನೂ ಮನುಷ್ಯ ಬದುಕ್ತಾನೆ, ಆ್ಯಂಟಿಬಾಡಿ ಡ್ರಿಪ್ಪಲ್ಲಿ ಕೊಟ್ಟು ನಿಭಾಯಿಸ್ತಾರೆ. ಶ್ವಾಸಕೋಶ ಕಳ್ಕೊಂಡು ಬದುಕಕ್ಕಾಗುತ್ತಾ? ಗಡ್ಡೆ ಮೇಲಿರೋ ಗುರುತುಗಳಲ್ಲಿ ಹೆಚ್ಚಿನವು ಒಳ್ಳೇ ಅಂಗಗಳಲ್ಲೂ ಚೂರುಪಾರು ಇರ್ತವೆ. 2010ರಲ್ಲಿ ವರದಿಯಾದ ಒಂದು ಕೇಸಿದೆ, ಕೆಲವು ಗಡ್ಡೆಗಳ ಮೇಲೆ ಜಾಸ್ತಿ ಇರೋ ಹರ್2 ಅನ್ನೋ ಪ್ರೋಟೀನನ್ನ ಗುರಿ ಮಾಡಿದ ಕಾರ್-ಟಿ ಕೊಟ್ಟು 15 ನಿಮಿಷಕ್ಕೇ ರೋಗಿಗೆ ಉಸಿರಾಡೋದು ಕಷ್ಟ ಆಯ್ತು, 5 ದಿನಕ್ಕೆ ತೀರ್ಕೊಂಡ್ರು. ಶ್ವಾಸಕೋಶದ ಸೆಲ್ ಮೇಲಿದ್ದ ಅತಿ ಕಮ್ಮಿ ಹರ್2ನೇ ಅವು ಹಿಡ್ಕೊಂಡಿರಬೇಕು ಅಂತ ಚಿಕಿತ್ಸೆ ಕೊಟ್ಟವರೇ ಬರೆದಿದ್ರು. ಅದನ್ನ ಓದಿದ ದಿನ ನಂಗೆ ಕೆಲಸಾನೇ ಮಾಡಕ್ಕಾಗ್ಲಿಲ್ಲ.

ಇನ್ನೊಂದು, ಕಾರ್ ಅಂದ್ರೆ ಲ್ಯಾಬಲ್ಲಿ ಟಿ ಸೆಲ್‌ಗೆ ಸೇರಿಸೋ, ಗುರುತು ಹಿಡಿಯೋ ರಿಸೆಪ್ಟರ್, ಅದು ಎದುರಿನ ಸೆಲ್‌ನ ಹೊರಮೈ ಮಾತ್ರ ನೋಡುತ್ತೆ. ಹುಟ್ಟಿನಿಂದ ಬರೋ ಟಿ ಸೆಲ್ ರಿಸೆಪ್ಟರ್ ಹಂಗಲ್ಲ, ಸೆಲ್ ತನ್ನೊಳಗಿನ ಪ್ರೋಟೀನಿನ ತುಣುಕನ್ನ ಎಚ್‌ಎಲ್‌ಎ ಅನ್ನೋ ತಟ್ಟೇಲಿಟ್ಟು ಹೊರಗೆ ತೋರಿಸ್ತಿರುತ್ತಲ್ಲ, ಅದನ್ನ ನೋಡುತ್ತೆ. ಇದೇ ದಾರೀಲಿ ಕ್ಯಾನ್ಸರ್ ಸೆಲ್ ಒಳಗಿನ ಮೇಜ್-ಎ4 ಅನ್ನೋ ಪ್ರೋಟೀನಿನ ತುಣುಕು ಹಿಡಿಯೋ ಅಫಾಮಿ-ಸೆಲ್ ಅನ್ನೋ ಟಿ ಸೆಲ್ ಚಿಕಿತ್ಸೆಗೆ ಆಗಸ್ಟ್ 2024ರಲ್ಲಿ ಎಫ್‌ಡಿಎ ಒಪ್ಪಿಗೆ ಸಿಕ್ತು, ಸೈನೋವಿಯಲ್ ಸಾರ್ಕೋಮಾ ಅನ್ನೋ ಅಪರೂಪದ ಗಡ್ಡೆಗೆ, ಅದೂ ಆ ತಟ್ಟೆ ಕೆಲವು ಎಚ್‌ಎಲ್‌ಎ-ಎ2 ಬಗೆಯದು ಇರೋರಿಗೆ ಮಾತ್ರ.

ಹಸಿರೆಲೆ:
ಗುರುತು ಹಿಡಿದ್ರೂ ಮುಗೀಲಿಲ್ಲ ಕಣ್ರೀ. ಗಡ್ಡೆ ಸುತ್ತ ಗಟ್ಟಿ ನಾರಿನ ಗೋಡೆ, ರಕ್ತನಾಳ ಅಡ್ಡಾದಿಡ್ಡಿ, ಆಕ್ಸಿಜನ್ ಕಮ್ಮಿ, ಮೇಲಿಂದ ಟಿಜಿಎಫ್-ಬೀಟಾ ಅನ್ನೋ ಪ್ರೋಟೀನಿನ ಥರದ ‘ಸುಮ್ನಿರು’ ಅನ್ನೋ ಸಿಗ್ನಲ್ಲು. ಒಳಗೆ ಹೋದ ಟಿ ಸೆಲ್ ದಿನಗಟ್ಲೆ ಬಡಿದಾಡಿ ಸುಸ್ತಾಗಿ ನಿಂತುಬಿಡುತ್ತೆ. ಹಂಗಾಗಿ ಕೆಲವರು ಈಗಾಗ್ಲೇ ಗಡ್ಡೆಯೊಳಗೆ ನುಗ್ಗಿರೋ ಟಿ ಸೆಲ್‌ಗಳನ್ನೇ ತೆಗೆದು ಹೊರಗೆ ಕೋಟಿಗಟ್ಲೆ ಬೆಳೆಸಿ ವಾಪಸ್ ಕೊಡ್ತಾರೆ, ಟಿಲ್ ಥೆರಪಿ ಅಂತ. ಅಮೆರಿಕದ ಸಂಶೋಧಕ ಸ್ಟೀವನ್ ರೋಸನ್‌ಬರ್ಗ್ ತಂಡ 1988ರಲ್ಲೇ ಮೆಲನೋಮಾ ಅನ್ನೋ ಚರ್ಮದ ಕ್ಯಾನ್ಸರಲ್ಲಿ ಮಾಡಿ ತೋರಿಸಿತ್ತು, ಎಫ್‌ಡಿಎ ಒಪ್ಪಿಗೆ ಬರೋ ಹೊತ್ತಿಗೆ ಫೆಬ್ರವರಿ 2024. ಈ ಒಪ್ಪಿಗೆಗೆ ಆಧಾರವಾದ ಟ್ರಯಲ್‌ನಲ್ಲಿ ಹತ್ರಲ್ಲಿ ಸುಮಾರು ಮೂರು ಜನಕ್ಕೆ ಗಡ್ಡೆ ಕುಗ್ಗಿದ್ದು, ಆದ್ರೆ ಅವರೆಲ್ಲ ಬೇರೆ ಔಷಧಿ ಸೋತ ಮೇಲೆ ಬಂದೋರು, ಅದಕ್ಕೇ ನಂಗೆ ಅದು ಸಣ್ಣದು ಅನ್ಸಲ್ಲ.

ದಾರಿಹೋಕ:
‘ಗಡ್ಡೆಗೆ ಕಾರ್-ಟಿ ಆಗಲ್ಲ’ ಅಂತ ಪೂರ್ತಿ ಹೇಳಬೇಡಿ ಸರ್. ಹೊಟ್ಟೆ ಕ್ಯಾನ್ಸರಲ್ಲಿ ಕ್ಲಾಡಿನ್ 18.2 ಅನ್ನೋ ಪ್ರೋಟೀನನ್ನ ಗುರಿ ಇಟ್ಟು ಚೀನಾದಲ್ಲಿ ಟ್ರಯಲ್ ಮಾಡಿದಾರೆ, 2025ರಲ್ಲಿ ಫಲಿತಾಂಶ ಬಂತು, ರೋಗ ಮತ್ತೆ ಬೆಳೆಯೋದು ಮಾಮೂಲಿ ಔಷಧಿಗಿಂತ ತಡ ಆಯ್ತು. ತಡ ಅಂದ್ರೆ ವಾರಗಳ ಲೆಕ್ಕ, ಅದನ್ನೂ ಹೇಳಬೇಕು. ಆ ಗುರಿ ಆರಿಸಿದ್ದು ಯಾಕಂದ್ರೆ ಒಳ್ಳೇ ಹೊಟ್ಟೇಲಿ ಆ ಪ್ರೋಟೀನು ಸೆಲ್-ಸೆಲ್ ನಡುವಿನ ಸಂದೀಲಿ ಅಡಗಿರುತ್ತೆ, ಕ್ಯಾನ್ಸರಲ್ಲಿ ಆ ಜೋಡಣೆ ಕೆಟ್ಟು ಹೊರಗೆ ಕಾಣುತ್ತೆ.

ಲ್ಯಾಬ್‌ಕೋಟು:
ಸರಿ ಸರ್, ಒಪ್ಪಿದೆ. ಬೆಳ್ಳಿಚುಕ್ಕಿ ಮೇಡಂ, ಅಣ್ಣಂಗೆ ಈಗ ಹೆಚ್ಚು ಹತ್ತಿರ ಇರೋದು ಪಿಡಿ-1 ತಡೆಯೋ ಔಷಧಿಗಳು; ಪಿಡಿ-1 ಅಂದ್ರೆ ಟಿ ಸೆಲ್ ಮೇಲಿರೋ ಬ್ರೇಕು, ಇವು ಮೈಯಲ್ಲಿರೋ ಟಿ ಸೆಲ್‌ಗಳ ಆ ಬ್ರೇಕ್ ಬಿಡಿಸೋವು. ಬಯಾಪ್ಸಿ ರಿಪೋರ್ಟಲ್ಲಿ ಪಿಡಿ-ಎಲ್1 (ಆ ಬ್ರೇಕ್ ಒತ್ತೋ, ಗಡ್ಡೆ ಮೇಲಿರೋ ಪ್ರೋಟೀನು) ಎಷ್ಟು ಅಂತ ನೋಡಿ, ಜೊತೆಗೆ ಇಜಿಎಫ್‌ಆರ್, ಎಎಲ್‌ಕೆ ಅನ್ನೋ ಜೀನ್‌ಗಳಲ್ಲಿ ಬದಲಾವಣೆ ಇದೆಯಾ ಅಂತ ನೋಡೋ ಟೆಸ್ಟ್ ಆಗಿದೆಯಾ ಕೇಳಿ, ಅವು ಪಾಸಿಟಿವ್ ಬಂದ್ರೆ ದಾರಿ ಬೇರೆ.

ಬೆಳ್ಳಿಚುಕ್ಕಿ:
ಪಿಡಿ-ಎಲ್1 60 ಪರ್ಸೆಂಟ್ ಅಂತ ಬರೆದಿದಾರೆ, ಇಷ್ಟು ದಿನ ಅದೇನು ಅಂತಾನೇ ಗೊತ್ತಿರ್ಲಿಲ್ಲ. ಇಜಿಎಫ್‌ಆರ್ ಜಾಗದಲ್ಲಿ ಬಾಕಿ ಅಂತಿದೆ. ನಾಳೆ ಬೆಳಗ್ಗೆ ಮೊದಲು ಅದನ್ನೇ ಕೇಳ್ತೀನಿ.